ವಿಶ್ವದ ಕಾಂತಕ್ಷೇತ್ರ: ಮೂಲದ ಶೋಧ

ಜನಪದ ಕಥೆಯೊಂದರ ಪಾಠಾಂತರಗಳು ಎಷ್ಟೇ ದೊರೆತರೂ ಅದರ ಮೂಲ ಕೈಗೆ ಸಿಗುವುದು ವಿರಳ. ವಿಶ್ವದ ಕಾಂತಕ್ಷೇತ್ರಗಳ ಶೋಧದ ಇತಿಹಾಸವೂ ಇಂಥದ್ದೇ. 1949ರಲ್ಲಿ ಹಿಲ್ಟ್ನರ್ ಮತ್ತು ಹಾಲ್ ನಕ್ಷತ್ರಗಳ ಬೆಳಕಿನಲ್ಲಿ ಧ್ರುವೀಕರಣವನ್ನು ಗುರುತಿಸಿದರು. ಅದೇ ವರ್ಷ ಫರ್ಮಿ ನಕ್ಷತ್ರಗಳ ನಡುವಣ ಕಾಂತಕ್ಷೇತ್ರವನ್ನು ಆಧರಿಸಿ ವಿಶ್ವಕಿರಣಗಳ ಉಗಮವನ್ನು ವಿವರಿಸಿದರು. ಗೆಲಾಕ್ಸಿಯ ಪರಿಭ್ರಮಣೆಯು ಡೈನಮೋದಂತೆ ಈ ಕ್ಷೇತ್ರವನ್ನು ಬಲಪಡಿಸುತ್ತದೆಂಬ ವಿವರಣೆ ಪ್ರಬಲವಾದುದೇ. ಆದರೆ ಡೈನಮೋ ಇರುವುದನ್ನು ಬೆಳೆಸುತ್ತದೆ, ಇಲ್ಲದ್ದನ್ನು ಸೃಷ್ಟಿಸದು. ಹಾಗಾದರೆ ಬೀಜ ಎಲ್ಲಿಯದು?

1991ರಲ್ಲಿ ತನ್ಮಯ್ ವಾಚಸ್ಪತಿ ಒಂದು ಉತ್ತರವನ್ನು ಮುಂದಿಟ್ಟರು. ಮಹಾಸ್ಫೋಟದ ತರುವಾಯ, ಸೆಕೆಂಡಿನ ಹತ್ತು ಸಾವಿರ ಕೋಟಿಯಲ್ಲೊಂದು ಭಾಗದ ಆಸುಪಾಸಿನಲ್ಲಿ, ತಣಿಯುತ್ತಿದ್ದ ವಿಶ್ವದಲ್ಲಿ ಹಿಗ್ಸ್ ಎಂಬ ಅದಿಶ ಕ್ಷೇತ್ರವು ಶೂನ್ಯವಲ್ಲದ ಮೌಲ್ಯಕ್ಕೆ ಘನೀಭವಿಸಿತು. ಪರಸ್ಪರ ಸಂಪರ್ಕವಿಲ್ಲದ ಪ್ರದೇಶಗಳಲ್ಲಿ ಅದು ಒಂದೇ ಬಗೆಯಾಗಿ ನೆಲೆಗೊಳ್ಳಲು ಕಾರಣವಿರಲಿಲ್ಲ. ಆ ಏರುಪೇರಿನಿಂದಲೇ ಕಾಂತಕ್ಷೇತ್ರ ಹುಟ್ಟಿರಬೇಕೆಂಬುದು ಅವರ ವಾದ. 2010ರಲ್ಲಿ ನೆರೊನೊವ್ ಮತ್ತು ವೊವ್ಕ್ ಗಾಮಾ ಕಿರಣಗಳ ಅಧ್ಯಯನದಿಂದ ಗೆಲಾಕ್ಸಿಗಳ ನಡುವಣ ಬರಿದಾದ ಅವಕಾಶದಲ್ಲೂ ದುರ್ಬಲ ಕ್ಷೇತ್ರವಿರಬೇಕೆಂದು ವಾದಿಸಿದ್ದು ಆದಿಮೂಲದ ಪಕ್ಷಕ್ಕೆ ಪುಷ್ಟಿ ನೀಡಿತು. 2012ರಲ್ಲಿ ಸರ್ನ್‌ನಲ್ಲಿ ಹಿಗ್ಸ್ ಕಣ ದೊರೆತಾಗ ಖಚಿತವಾದದ್ದು ಆ ಅದಿಶ ಕ್ಷೇತ್ರದ ಅಸ್ತಿತ್ವವೇ ಹೊರತು ಬೀಜದ ಕಥೆಯಲ್ಲ. ಅಂದು ಹುಟ್ಟಿದ ಕಾಂತಕ್ಷೇತ್ರದ ವ್ಯಾಪ್ತಿ ಅತಿ ಕಿರಿದು. ಅದು ಗೆಲಾಕ್ಸಿಯ ಅಳತೆಗೆ ಹೇಗೆ ಹಿಗ್ಗಿತೆಂಬುದು ಇನ್ನೂ ಚರ್ಚೆಯಲ್ಲಿದೆ. ಸಂಭಾವ್ಯ ಮೂಲವನ್ನು ಸಿದ್ಧ ಮೂಲವೆಂದು ದಾಖಲಿಸದಿರುವುದು ಜಾನಪದಕ್ಕೂ ವಿಶ್ವವಿಜ್ಞಾನಕ್ಕೂ ಸಮಾನವಾದ ಶಿಸ್ತು.