ವೈರಸ್ಸಿನ ಪಾಲುಪಟ್ಟಿ

ಜೀವಕೋಶದೊಳಕ್ಕೆ ನುಗ್ಗುವ ವಿದ್ಯೆ ವೈರಸ್ಸಿಗೆ ಕರಗತ. ಅದರ ಸ್ವಂತ ಜೀನುಗಳನ್ನು ತೆಗೆದು, ರೋಗಿಗೆ ಬೇಕಾದ ಜೀನನ್ನು ತುಂಬಿದರೆ ಅದು ವೆಕ್ಟರ್, ಅಂದರೆ ವಾಹಕ. ತೊಡಕಿರುವುದು ತಯಾರಿಕೆಯಲ್ಲಿ. ಜೀನು ಕಳೆದುಕೊಂಡ ವೈರಸ್ ತಾನಾಗಿ ಹುಟ್ಟಲಾರದು. ಕಳೆದದ್ದನ್ನು ಬೇರೆಡೆಯಿಂದ ಒದಗಿಸಬೇಕು. ಆದರೆ ಎಲ್ಲವೂ ಕೂಡಿ ಮತ್ತೆ ಪೂರ್ಣ ವೈರಸ್ ಆಗಲೂಬಾರದು. ವೈರಸ್ಸಿನ ಆಸ್ತಿಯನ್ನು ಯಾರ್ಯಾರಿಗೆ ಹೇಗೆ ಪಾಲು ಮಾಡುವುದು? ವೆಕ್ಟರ್ ತಯಾರಿಕೆಯ ಐವತ್ತು ವರ್ಷಗಳ ಕಥೆ ಇಷ್ಟೇ.

ಮೊದಲ ಪಾಲು ಬಿದ್ದದ್ದು 1973ರಲ್ಲಿ, ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ. ಫ್ರಾಂಕ್ ಗ್ರಹಾಂ ಮಾನವ ಭ್ರೂಣದ ಮೂತ್ರಪಿಂಡದ ಕೋಶಗಳಿಗೆ ಅಡಿನೋವೈರಸ್ಸಿನ ಡಿಎನ್‌ಎ ಚೂರುಗಳನ್ನು ಸೇರಿಸುತ್ತಿದ್ದರು. ಫಲ ಕೊಟ್ಟದ್ದು 293ನೇ ಪ್ರಯೋಗ. ಕೋಶಕ್ಕೆ ಆ ಅಂಕಿಯೇ ಹೆಸರಾಯಿತು. ವೈರಸ್ಸಿನ ‘ಇ1’ ಭಾಗ ಕೋಶದ ವರ್ಣತಂತುವಿನಲ್ಲೇ ನೆಲೆಯೂರಿತ್ತು. ಹಾಗಾಗಿ ಇ1 ಕಳೆದ ಅಡಿನೋವೈರಸ್ ಈ ಕೋಶದಲ್ಲಿ ಸಲೀಸಾಗಿ ಬೆಳೆಯುತ್ತದೆ, ರೋಗಿಯ ಕೋಶದಲ್ಲಿ ಬೆಳೆಯದು.

1983ರಲ್ಲಿ ಮ್ಯಾನ್, ಮಲಿಗನ್ ಮತ್ತು ಬಾಲ್ಟಿಮೋರ್ ರೆಟ್ರೋವೈರಸ್ಸಿಗೂ ಇಂಥದೇ ‘ಪ್ಯಾಕೇಜಿಂಗ್’ ಕೋಶ ರೂಪಿಸಿದರು. 1996ರಲ್ಲಿ ನಾಲ್ಡಿನಿ ಮತ್ತು ಸಂಗಡಿಗರು ಎಚ್‌ಐವಿಯನ್ನೇ ಬಿಡಿಬಿಡಿ ಪ್ಲಾಸ್ಮಿಡ್‌ಗಳಿಗೆ, ಅಂದರೆ ಡಿಎನ್‌ಎ ಉಂಗುರಗಳಿಗೆ, ಹಂಚಿ ಲೆಂಟಿವೈರಲ್ ವೆಕ್ಟರ್ ಮಾಡಿದರು. ಇಂದಿನ ಹಲವು ಕಾರ್-ಟಿ ಕ್ಯಾನ್ಸರ್ ಚಿಕಿತ್ಸೆಗಳ ಬುನಾದಿ ಅದು. 2023ರಲ್ಲಿ ಒಪ್ಪಿಗೆ ಪಡೆದ ಐಐಟಿ ಬಾಂಬೆಯ ನೆಕ್ಸ್‌ಕಾರ್19 ಕೂಡ ಅದನ್ನೇ ನೆಚ್ಚಿದೆ.

ಅಡಿನೋವೈರಸ್ಸಿನ ಹಾದಿ ಮಾತ್ರ ಕಠಿಣವಾಯಿತು. 1999ರಲ್ಲಿ ಅಮೆರಿಕದ ಪ್ರಯೋಗವೊಂದರಲ್ಲಿ ಹದಿನೆಂಟರ ಯುವಕ, ಈ ವೆಕ್ಟರ್ ಕೆರಳಿಸಿದ ರೋಗನಿರೋಧಕ ಪ್ರತಿಕ್ರಿಯೆಯಿಂದ ತೀರಿಕೊಂಡ. ಆಗ ಅಡಿನೋ-ಅಸೋಸಿಯೇಟೆಡ್ ವೈರಸ್, ಚಿಕ್ಕದಾಗಿ ಎಎವಿ, ಮುನ್ನೆಲೆಗೆ ಬಂತು. ಅದು 1965ರಲ್ಲಿ ಅಡಿನೋವೈರಸ್ ಮಾದರಿಯಲ್ಲಿ ಬೆರಕೆಯಾಗಿ ಸಿಕ್ಕಿದ್ದು. ಬೇರೆ ವೈರಸ್ಸಿನ ನೆರವಿಲ್ಲದೆ ಬೆಳೆಯದು. ಮೊದಮೊದಲು ಜೀವಂತ ಅಡಿನೋವೈರಸ್ಸನ್ನೇ ಜೊತೆಗೆ ಹಾಕಿ, ಆಮೇಲೆ ಅದನ್ನು ಬೇರ್ಪಡಿಸಲು ಹೆಣಗಬೇಕಿತ್ತು. 1998ರಲ್ಲಿ ಶಿಯಾವ್, ಲಿ ಮತ್ತು ಸಮುಲ್ಸ್ಕಿ ಆ ನೆರವನ್ನೂ ಪ್ಲಾಸ್ಮಿಡ್‌ಗಿಳಿಸಿದರು. ಮೂರು ಪಾಲು ಪ್ಲಾಸ್ಮಿಡ್‌ಗಳಿಗೆ, ನಾಲ್ಕನೆಯದು 293 ಕೋಶಕ್ಕೆ. ಇಂದಿಗೂ ಹೆಚ್ಚು ಚಾಲ್ತಿಯಲ್ಲಿರುವ ವಿಧಾನ ಇದೇ.

ಸುರಕ್ಷತೆಯ ಲೆಕ್ಕ ಸರಿಹೋದಾಗ ಪ್ರಮಾಣದ ಲೆಕ್ಕ ಎದ್ದು ನಿಂತಿತು. 2019ರಲ್ಲಿ ಒಪ್ಪಿಗೆ ಪಡೆದ ಜೋಲ್ಗೆನ್ಸ್ಮಾ ಎಂಬ ಎಎವಿ ಚಿಕಿತ್ಸೆ ಮಗುವಿನ ಪ್ರತಿ ಕೆಜಿ ತೂಕಕ್ಕೆ 110 ಲಕ್ಷ ಕೋಟಿ ವೆಕ್ಟರ್ ಪ್ರತಿಗಳನ್ನು ಕೇಳುತ್ತದೆ. ತಟ್ಟೆಯ ತಳಕ್ಕೆ ಅಂಟಿ ಬೆಳೆಯುವ ಕೋಶಗಳಿಂದ ಅಷ್ಟು ಪೂರೈಸುವುದು ಸುಲಭವಲ್ಲ. ದ್ರವದಲ್ಲಿ ತೇಲುತ್ತಾ ಬೆಳೆಯುವ 293 ತಳಿಗಳನ್ನು ಬಯೋರಿಯಾಕ್ಟರ್‌ಗೆ ಇಳಿಸಿದ್ದು ಅದಕ್ಕಾಗಿಯೇ.

ಇನ್ನೊಂದು ದಾರಿ ಹುಳುವಿನದು. 2002ರಲ್ಲಿ ಉರಾಬೆ, ಡಿಂಗ್ ಮತ್ತು ಕೋಟಿನ್, ಕೀಟಗಳಿಗೆ ತಗಲುವ ಬ್ಯಾಕ್ಯುಲೋವೈರಸ್ಸಿನ ಮೂಲಕ ಎಸ್‌ಎಫ್9 ಎಂಬ ಕೀಟಕೋಶದಲ್ಲಿ ಎಎವಿ ತಯಾರಿಸಿದರು. ಈ ಕೋಶದ ಮೂಲ ಫಾಲ್ ಸೈನಿಕ ಹುಳು. 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಭಾರತದಲ್ಲಿ ಮೊದಲು ಕಾಣಿಸಿಕೊಂಡ ಅದೇ ಪೀಡೆ. ಯೂರೋಪಿನಲ್ಲಿ 2012ರಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆ ಗ್ಲೈಬೆರಾ, 2022ರ ಹಿಮೋಫಿಲಿಯಾ ಚಿಕಿತ್ಸೆ ಹೆಮ್‌ಜೆನಿಕ್ಸ್ ಎರಡೂ ಈ ದಾರಿಯ ಫಸಲು.

ಉಳಿದಿರುವ ತಲೆನೋವು ಜೊಳ್ಳು. ಪ್ರತಿ ತಯಾರಿಕೆಯಲ್ಲೂ ಜೀನು ತುಂಬದ ಖಾಲಿ ಕವಚಗಳು ಹೇರಳ. ಕೇರಿ ತೆಗೆಯುವುದು ದುಬಾರಿ. ಪ್ರತಿ ಸಲ ಪ್ಲಾಸ್ಮಿಡ್ ಸುರಿಯುವುದೂ ದುಬಾರಿಯೇ. ಆದ್ದರಿಂದ ಈಗಿನ ಯತ್ನ, ಎಲ್ಲ ಪಾಲನ್ನೂ ಒಂದೇ ಕೋಶದೊಳಗೆ ಶಾಶ್ವತವಾಗಿ ನೆಲೆಗೊಳಿಸಿ ಬೇಕೆಂದಾಗ ಎಬ್ಬಿಸುವುದು. ಅಡ್ಡಿಯಾಗುತ್ತಿರುವುದು ಹಳೆಯ ಇ1. ಕೋಶಕ್ಕೇ ವಿಷವಾಗುವ ಎಎವಿಯ ‘ರೆಪ್’ ಜೀನನ್ನು ಅದು ಹೊತ್ತಲ್ಲದ ಹೊತ್ತಿನಲ್ಲಿ ಎಬ್ಬಿಸಿಬಿಡುತ್ತದೆ. ಲೈಡನ್‌ನಲ್ಲಿ ಹಂಚಿದ ಮೊದಲ ಪಾಲೇ ಮನೆ ಮತ್ತೆ ಒಂದಾಗಲು ಬಿಡುತ್ತಿಲ್ಲ.