ಕೇರಿ ಎಂಬ ಎರಡಕ್ಷರ

ಕೇರಿ ಎಂದರೆ ಮೂಲದಲ್ಲಿ ಮನೆಗಳ ಸಾಲು ಮತ್ತು ಆ ಸಾಲಿನಲ್ಲಿ ಬಾಳುವ ಜನ, ಅಷ್ಟೆ. ಮೈಸೂರಿನಲ್ಲಿ ಇವತ್ತಿಗೂ ಸುಣ್ಣದಕೇರಿ ಇದೆ, ಕುಂಬಾರಗೇರಿ ಇದೆ. ಕುಂದಾಪುರದಲ್ಲಿ ಖಾರ್ವಿಕೇರಿ. ಮುದ್ದುರಾಜನ ಕೇರಿಯೇ ಮಡಿಕೇರಿ ಆಯಿತೆನ್ನುತ್ತಾರೆ. ಒಂದು ಇಡೀ ಜಿಲ್ಲಾ ಕೇಂದ್ರ ಹೆಸರಿನಲ್ಲಿ ಕೇರಿಯನ್ನು ಹೊತ್ತುಕೊಂಡಿದೆ, ಯಾರಿಗೂ ಮುಜುಗರವಿಲ್ಲ. ತಮಿಳರ ಚೇರಿಯೂ ಈ ಪದದ ಒಡಹುಟ್ಟೇ.

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಮಾತ್ರ ಬರೀ 'ಕೇರಿ' ಎಂದು ಹೇಳಿ ನಿಲ್ಲಿಸಿ ನೋಡಿ. ಯಾವ ಕೇರಿ ಎಂದು ಯಾರೂ ಕೇಳುವುದಿಲ್ಲ. ಒಕ್ಕಲಗೇರಿಗೆ, ಕುರುಬರ ಕೇರಿಗೆ ಮುಂದೊಂದು ವಿಶೇಷಣ ಬೇಕು. ದಲಿತರ ಕೇರಿಗೆ ಬೇಡ. ಊರು ಬೇರೆ, ಕೇರಿ ಬೇರೆ ಎಂಬ ಲೆಕ್ಕ ನಾಲಿಗೆಯಲ್ಲೇ ಕೂತುಬಿಟ್ಟಿದೆ. ಕವಿ ಸಿದ್ಧಲಿಂಗಯ್ಯನವರು ತಮ್ಮ ಆತ್ಮಕತೆಗೆ 'ಊರುಕೇರಿ' ಎಂದು ಹೆಸರಿಟ್ಟು ಎರಡನ್ನೂ ನಡುವೆ ಜಾಗ ಬಿಡದೆ ಕೂಡಿಸಿ ಬರೆದರು. ಊರಿದ್ದಲ್ಲಿ ಇನ್ನೇನೋ ಇದ್ದೇ ಇರುತ್ತದೆ ಎಂಬ ಗಾದೆಯೊಂದಿದೆ. ಅದನ್ನು ಪೂರ್ತಿ ಬರೆಯುವ ಮನಸ್ಸಿಲ್ಲ. ಕೊಳಕಿನ ಮಾತು ಬಂದಾಗಲೆಲ್ಲ ಕೇರಿಯ ಕಡೆ ಬೆರಳು ತೋರಿಸುವುದೇ ಅದರ ಕೆಲಸ.

ಆ ಬೆರಳಿಗೆ ಸರ್ಕಾರಿ ಮುದ್ರೆ ಬಿದ್ದದ್ದು 'ಕೊಳಗೇರಿ'ಯಲ್ಲಿ. 1973ರ ಕೊಳಚೆ ಪ್ರದೇಶಗಳ ಕಾಯ್ದೆ ಬಂತು, 1975ರಲ್ಲಿ ಅದಕ್ಕೊಂದು ಮಂಡಳಿಯೂ ಆಯಿತು. ಮೊದಲಿಗೆ ಅದು ನಿರ್ಮೂಲನ ಮಂಡಳಿ. ಈಗ ಅಭಿವೃದ್ಧಿ ಮಂಡಳಿ. ಫಲಕ ಬದಲಾಯಿತು, ಕೊಳೆ ಹೆಸರಿನಲ್ಲೇ ಉಳಿಯಿತು. ತಮಾಷೆಯೆಂದರೆ ಬಡವರಿಗೆ ಈ ಬೈಗುಳವೇ ಆಸರೆ. ತಮ್ಮ ಜಾಗ 'ಘೋಷಿತ ಕೊಳಗೇರಿ' ಆದರೆ ಹಕ್ಕುಪತ್ರದ ದಾರಿ ತೆರೆಯುತ್ತದೆ, ಚರಂಡಿಗೆ ಅನುದಾನ ಬರುತ್ತದೆ. ಹಾಗಾಗಿ ನಮ್ಮನ್ನು ಕೊಳಗೇರಿ ಎಂದು ಕರೆಯಿರಿ ಎಂದು ಜನ ತಾವೇ ಅರ್ಜಿ ಹಿಡಿದು ನಿಲ್ಲುತ್ತಾರೆ. ಜಗಳೂರು ಕಡೆಯ ಗೊಲ್ಲರಹಟ್ಟಿಗಳಿಗೆ, ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪವಿರುವ ನ್ಯಾಮತಿ ತಾಲ್ಲೂಕಿನ ತಾಂಡಾಗಳಿಗೆ ಕಂದಾಯ ಗ್ರಾಮವಾಗುವ ಅವಕಾಶವಾದರೂ ಸಿಕ್ಕಿತು. ಪಟ್ಟಣದೊಳಗಿನ ಕೇರಿ ಮಾತ್ರ ಬೈಗುಳದ ಬಾಗಿಲಿನಿಂದಲೇ ಒಳಬರಬೇಕು.

ಈಗ ಆ ಚರಂಡಿಯನ್ನು ಬಗ್ಗಿ ನೋಡೋಣ. ಸ್ವಚ್ಛತಾ ಅಭಿಯಾನದ ದಿನ ಎತ್ತಿದ ಹೂಳು ಎರಡು ದಿನ ದಂಡೆಯ ಮೇಲೇ ಒಣಗುತ್ತದೆ, ಮೂರನೇ ದಿನದ ಮಳೆಗೆ ಮತ್ತೆ ಒಳಗಿಳಿಯುತ್ತದೆ. ಅದರಲ್ಲಿ ಏನೇನಿದೆ? ತೊಂಬತ್ತು ಎಂಎಲ್ ಮದ್ಯದ ಖಾಲಿ ಪಾಕೀಟುಗಳು. ನಶೆಗೆಂದು ಹಿಂಡಿ ಚಪ್ಪಟೆ ಮಾಡಿದ ಪಂಕ್ಚರ್ ಸಲ್ಯೂಷನ್ ಟ್ಯೂಬು. ಜೋಡಿ ಜೋಡಿ ಚೀಟುಗಳು: ಒಂದು ಪಾನ್ ಮಸಾಲೆಯದು, ಒಂದು ತಂಬಾಕಿನದು. ರಾಜ್ಯದಲ್ಲಿ 2013ರಿಂದ ಗುಟ್ಕಾ ನಿಷೇಧವಿದೆ. ಅದಕ್ಕೇ ಬೇರೆ ಬೇರೆ ಚೀಟಿನಲ್ಲಿ ಮಾರುತ್ತಾರೆ, ಬೆರೆಸಿಕೊಳ್ಳುವ ಕೆಲಸ ಅಂಗೈಗೆ. ಆ ಮಸಾಲೆಯೊಳಗಿನ ಅಡಿಕೆ ನಮ್ಮದೇ ತೋಟದ್ದಿರಬಹುದು. ರಾಶಿ ಅಡಿಕೆಯಿಂದ ಚನ್ನಗಿರಿಯಲ್ಲಿ ಎಷ್ಟೋ ಮನೆ ಎದ್ದಿವೆ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ಅಡಿಕೆ ಚೀಟಾಗಿ ಕೇರಿಯ ಚರಂಡಿ ಕಟ್ಟಿಕೊಳ್ಳುವಂತೆ ಮಾಡಿದಾಗ 'ಅವರಿಗೆ ಸ್ವಚ್ಛತೆ ಗೊತ್ತಿಲ್ಲ' ಎನ್ನುವ ಬಾಯಿ ಸ್ವಲ್ಪ ತಡೆದು ಮಾತಾಡಬೇಕು. ಬೆಳಗಿನ ಜಾವ ಇಡೀ ಪಟ್ಟಣ ಗುಡಿಸುವ ಪೌರಕಾರ್ಮಿಕರಲ್ಲಿ ಹೆಚ್ಚಿನವರು ಬರುವುದು ಇಂಥ ಕೇರಿಗಳಿಂದಲೇ.

ಗಾಂಜಾದ ಕತೆಯೂ ಇದೇ ಧಾಟಿಯದು. ಮೆಕ್ಕೆಜೋಳದ ಸಾಲಿನ ನಡುವೆ ಗಾಂಜಾ ಗಿಡ ಸಿಕ್ಕ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. ಹೊಲ ಯಾರದೋ, ಸಾಗಿಸಿದವನು ಯಾರೋ, ಕೊಳ್ಳುವವನು ಬೈಕಿನಲ್ಲಿ ಬರುವವನು. ಕೆಟ್ಟ ಹೆಸರು ಮಾತ್ರ 'ಆ ಕೇರಿ ಹುಡುಗರಿಗೆ'. ಕಾಯ್ದೆಗಾದರೂ ತಾರತಮ್ಯ ಗೊತ್ತು. 1985ರ ಮಾದಕ ವಸ್ತು ಕಾಯ್ದೆಯಡಿ ಒಂದು ಕಿಲೋವರೆಗಿನ ಗಾಂಜಾ ಅಲ್ಪ ಪ್ರಮಾಣ, ಇಪ್ಪತ್ತು ದಾಟಿದರೆ ವಾಣಿಜ್ಯ ಪ್ರಮಾಣ. ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದರೆ ಅಲ್ಪ ಪ್ರಮಾಣದ ಕೇಸಿನಿಂದ ರಕ್ಷಣೆ ಕೊಡುವ 64-ಎ ಕಲಮೂ ಅದರಲ್ಲಿದೆ. ಈ ಕಲಮನ್ನು ಕೇರಿಗೆ ಬಂದು ಹೇಳಿದವರನ್ನು ನಾನು ಕಂಡಿಲ್ಲ. ದಾಳಿಯ ಜೀಪು ಮಾತ್ರ ದಾರಿ ತಪ್ಪದೆ ಬರುತ್ತದೆ. ಜನರಿಗೂ ಠಾಣೆಗೂ ನಡುವೆ ನಂಬಿಕೆ ಹರಿದರೆ ಏನಾಗುತ್ತದೆಂದು 2024ರ ಮೇ ತಿಂಗಳಲ್ಲಿ ಚನ್ನಗಿರಿಯೇ ನೋಡಿತು. ಗಾಂಜಾ ಅಲ್ಲ, ಮಟ್ಕಾ ಆರೋಪ. ಠಾಣೆಗೆ ಕರೆತಂದಿದ್ದ ವ್ಯಕ್ತಿ ಮೃತಪಟ್ಟರು, ಉದ್ರಿಕ್ತರು ಠಾಣೆಗೆ ಕಲ್ಲು ತೂರಿದರು, ತನಿಖೆ ಸಿಐಡಿಗೆ ಹೋಯಿತು.

ಇನ್ನು ಹೊಸ ಪದವೊಂದು ಬಂದಿದೆ: ಲೇಔಟು. ಊರಾಚೆಗಿದ್ದ ಕೇರಿ ಊರು ಬೆಳೆದಂತೆಲ್ಲ ಬಸ್ ಸ್ಟ್ಯಾಂಡಿನ ಮಗ್ಗುಲಿಗೆ ಬಂದು ನಿಂತಿದೆ. ಯಾರಿಗೂ ಬೇಡದ ಜಾಗಕ್ಕೆ ಈಗ ಚದರಡಿಯ ಲೆಕ್ಕ ಹತ್ತಿದೆ. ಕಾಂಕ್ರೀಟ್ ರಸ್ತೆ, ಹೈಮಾಸ್ಟ್ ದೀಪ ಬಂದ ಮೇಲೆ ಪಕ್ಕದ ಸೈಟಿನ ಬೆಲೆ ಏರುತ್ತದೆ, ಬಾಡಿಗೆ ಏರುತ್ತದೆ, ಕಾಗದವಿಲ್ಲದವನು ಸದ್ದಿಲ್ಲದೆ ಇನ್ನೊಂದು ಹಳ್ಳದ ದಂಡೆಗೆ ಜಾರುತ್ತಾನೆ. ಬೆಂಗಳೂರಿನಲ್ಲಿ ಇದು ಸದ್ದು ಮಾಡಿಯೇ ನಡೆಯಿತು. 2013ರ ಜನವರಿಯಲ್ಲಿ ಈಜಿಪುರದ ಬಡವರ ವಸತಿಯನ್ನು ಪೊಲೀಸ್ ಕಾವಲಿನಲ್ಲಿ ನೆಲಸಮ ಮಾಡಿದರು. ಹೊನ್ನಾಳಿಯ ಬಾಲರಾಜ್ ಘಾಟಿನದು ಬೇರೆ ಪಾಡು. ತುಂಗಭದ್ರೆ ಉಕ್ಕಿದಾಗ ಜನ ಕಾಳಜಿ ಕೇಂದ್ರಕ್ಕೆ ಹೋಗುತ್ತಾರೆ, ಇಳಿದ ಮೇಲೆ ಕೆಸರು ಬಳಿದು ಅಲ್ಲಿಗೇ ಮರಳುತ್ತಾರೆ. ಅವರನ್ನು ಎಬ್ಬಿಸಲು ಯಾರಿಗೂ ಆತುರವಿಲ್ಲ. ಮುಳುಗುವ ಜಾಗಕ್ಕೆ ರೇಟು ಇಲ್ಲವಲ್ಲ!

ಕೇರಿ ಎಬ್ಬಿಸಿದ ಹಳೆಯ ಕತೆಯೊಂದು ಚನ್ನಗಿರಿ ತಾಲ್ಲೂಕಿನದೇ. ಎರಡು ಗುಡ್ಡಗಳ ನಡುವೆ ಹಿರೇಹಳ್ಳಕ್ಕೆ ಅಡ್ಡ ಏರಿ ಹಾಕಿ ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಳಂತೆ. ಮುಳುಗುವ ನೆಲ ಸೂಳೆಯರದು. ಜಾಗ ಬಿಡುತ್ತೇವೆ, ಕೆರೆಗೆ ನಮ್ಮ ಹೆಸರಿರಬೇಕು ಎಂದರಂತೆ ಅವರು. ಹಾಗೆ ಸೂಳೆಕೆರೆ. ಕತೆಗೆ ಬೇರೆ ಪಾಠಗಳೂ ಉಂಟು, ನನಗೆ ಹಿಡಿಸಿದ್ದು ಇದು. ಒಕ್ಕಲೆದ್ದವರು ಇಟ್ಟ ಒಂದೇ ಷರತ್ತು ಹೆಸರು. ನಾವು ಅದನ್ನೂ ಉಳಿಸಲಿಲ್ಲ. ಫಲಕಗಳಲ್ಲಿ ಶಾಂತಿಸಾಗರ ಎಂದು ಬರೆದೆವು. ಕೆಟ್ಟ ಮಾತು ಬಾಯಿಗೆ ಬರಬಾರದೆಂಬ ಕಾಳಜಿ ಇರಬಹುದು. ಕೇರಿಗಳಿಗೆಲ್ಲ ನಗರ, ಕಾಲೊನಿ ಎಂದು ಹೆಸರಿಡುವ ಕಾಳಜಿಯೂ ಇದೇ ಜಾತಿಯದು. ಹೆಸರು ತೊಳೆಯಲು ಒಂದು ಡಬ್ಬ ಬಣ್ಣ ಸಾಕು, ಒಳಚರಂಡಿಗೆ ದುಡ್ಡು ಬೇಕು.

ನಾಲ್ಕೂ ಪಟ್ಟಣಗಳ ಚುನಾಯಿತರಿಗೆ, ಮುಖ್ಯಾಧಿಕಾರಿಗಳಿಗೆ ನನ್ನ ಅರಿಕೆ ಇಷ್ಟು: ಜೆಸಿಬಿಗೆ ಮೊದಲು ಹಕ್ಕುಪತ್ರ ಕಳಿಸಿ. ಎತ್ತಿದ ಹೂಳನ್ನು ಅದೇ ದಿನ ಸಾಗಿಸಿ. ದಾಳಿಯ ಜೊತೆಗೆ ಒಬ್ಬ ಆಪ್ತಸಮಾಲೋಚಕರನ್ನೂ ಕೇರಿಗೆ ಕಳಿಸಿ. ಓದುಗರಲ್ಲಿ ಯಾರ ಮನೆಯಲ್ಲಾದರೂ, ಕೇರಿಯಾಗಲಿ ಲೇಔಟಾಗಲಿ, ಚಟಕ್ಕೆ ಬಿದ್ದ ಹುಡುಗನಿದ್ದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಕರೆಗೆ ಕಾಸು ಬೀಳುವುದಿಲ್ಲ.