ಐತಿಹಾಸಿಕ ಕಾದಂಬರಿ, ಸಲಿಂಗಪ್ರೇಮ ಮತ್ತು ದುರ್ಗಸೀಮೆಯ ಕಿರಿಯ ಓದುಗರು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಿರಿಯರಿಗೆ ಪಾಳೆಯಗಾರರ ಚರಿತ್ರೆಯು ಶಾಸನಗಳಿಗಿಂತ ಮೊದಲು ತ.ರಾ.ಸು. ಅವರ ಕಾದಂಬರಿಗಳಿಂದಲೇ ಪರಿಚಿತವಾಗುವುದುಂಟು. 1779ರಲ್ಲಿ ಹೈದರಾಲಿಯ ವಶವಾದ ಕೋಟೆಯು ‘ದುರ್ಗಾಸ್ತಮಾನ’ದಲ್ಲಿ (1982) ಮರಳಿ ಜನಭರಿತವಾಗಿ ನಿಲ್ಲುತ್ತದೆ, ಆ ಜನರ ನಡುವೆ ಓದುಗನು ತನ್ನಂತಹವರನ್ನು ಅರಸುತ್ತಾನೆ. ಸಲಿಂಗಪ್ರೇಮಿಯಾದ ತರುಣನಿಗಾಗಲಿ ತರುಣಿಗಾಗಲಿ ಅಂತಹವರು ಸುಲಭವಾಗಿ ಕಾಣಸಿಗರು.

ಸಂಡೂರಿನ ವಸುಧೇಂದ್ರರು ‘ಮೋಹನಸ್ವಾಮಿ’ಯಲ್ಲಿ (2013) ಈ ಪ್ರೇಮವನ್ನು ಮರೆಮಾಚದೆ ಚಿತ್ರಿಸಿದರು, ‘ತೇಜೋ ತುಂಗಭದ್ರಾ’ದಲ್ಲಿ (2019) ವಿಜಯನಗರದ ಕಾಲವನ್ನು ಕಟ್ಟಿದರು. ಇವೆರಡೂ ಒಂದೇ ಕೃತಿಯ ಕೇಂದ್ರದಲ್ಲಿ ಕೂಡಲೆಂಬ ಹಂಬಲವು ಸಹಜವೆಂದೇ ನಮ್ಮ ಭಾವನೆ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ಈ ಪ್ರೇಮವನ್ನು ಅಪರಾಧದ ಸಾಲಿನಿಂದ ತೆಗೆಯಿತು. ಆದರೆ ‘ಇದು ಹೊರನಾಡಿನ ಚಾಳಿ’ ಎಂಬ ಮನೆಯವರ ಮಾತಿಗೆ ತೀರ್ಪೊಂದೇ ಉತ್ತರವಾಗದು, ಪೂರ್ವಿಕರು ಬೇಕು. (ಹೊರನಾಡಿನವರು ತಂದುದು 1860ರ ದಂಡಸಂಹಿತೆಯನ್ನು!)

ಶಾಸನಗಳು ದಾನದತ್ತಿಗಳನ್ನು, ಯುದ್ಧಗಳನ್ನು, ವೀರಮರಣಗಳನ್ನು ಹೇಳುತ್ತವೆ. ಸಾಮಾನ್ಯರ ಅನುರಾಗವನ್ನು, ಗಂಡುಹೆಣ್ಣುಗಳದನ್ನು ಸಹ, ಬಹುಮಟ್ಟಿಗೆ ಹೇಳವು. ಆ ಮೌನದಿಂದ ಇಂತಹವರು ಇರಲಿಲ್ಲವೆಂದು ಸಾಧಿಸಲಾಗದು. ಮದಕರಿನಾಯಕನಂತಹ ಪ್ರಸಿದ್ಧರ ವಿಷಯದಲ್ಲಿ ಬರಿಯ ಊಹೆಯಿಂದ ಏನನ್ನೂ ನುಡಿಯಲಾಗದು. ಕಾದಂಬರಿಕಾರನಾದರೋ ಬತೇರಿಯ ಮೇಲೆ ಹೆಸರಿಲ್ಲದ ಇಬ್ಬರು ಕಾವಲಿನವರನ್ನು ನಿಲ್ಲಿಸಬಲ್ಲನು. ಅದಕ್ಕೆ ಇತಿಹಾಸದ ಅಧ್ಯಾಪಕರಾದ ನಮ್ಮ ಆಕ್ಷೇಪವೇನೂ ಇಲ್ಲ.